ಬೇವಿನ ಎಣ್ಣೆ ನೀರಿಗೆ ಬೆರೆಯುತ್ತಿಲ್ಲವೇ? ಸೋಪು ಹೆಚ್ಚಿಸುವ ಮೊದಲು ನೀರನ್ನು ಪರೀಕ್ಷಿಸಿ

ಕೈತೋಟಕ್ಕೆ ಬೇವಿನ ಎಣ್ಣೆ ಸಿಂಪಡಿಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. “ಎಣ್ಣೆ ಹಾಕಿದೆ, ಸೋಪು ಹಾಕಿದೆ, ತೋಳು ನೋಯುವಷ್ಟು ಕುಲುಕಿದೆ. ಆದರೂ ಹತ್ತು ನಿಮಿಷಕ್ಕೆ ಎಣ್ಣೆ ಮೇಲೆ ಬಂದು ಕೂರುತ್ತದೆ. ಸೋಪು ಇನ್ನೊಂದಿಷ್ಟು ಹಾಕಲೇ?”

ಹಾಕಬೇಡಿ. ಎಣ್ಣೆ ಬೇರ್ಪಡುವುದಕ್ಕೆ ಸೋಪು ಕಡಿಮೆಯಾಗಿರುವುದು ಕಾರಣವಾಗುವುದು ಅಪರೂಪ. ಹೆಚ್ಚಿನ ಮನೆಗಳಲ್ಲಿ ತಪ್ಪು ಇರುವುದು ಬಳಸಿದ ನೀರಿನಲ್ಲಿ, ಇಲ್ಲವೇ ಬೆರೆಸಿದ ಕ್ರಮದಲ್ಲಿ. ಸೋಪು ಹೆಚ್ಚಿಸಿದರೆ ಎಣ್ಣೆ ಬೆರೆಯುವ ಖಾತರಿಯಿಲ್ಲ, ಎಲೆ ಸುಡುವುದು ಮಾತ್ರ ಬಹುಮಟ್ಟಿಗೆ ಖಚಿತ. ಈ ಲೇಖನ ಗಾಣದಲ್ಲಿ ತೆಗೆದ ಶುದ್ಧ ಬೇವಿನ ಎಣ್ಣೆಯನ್ನು ಮನೆಯಲ್ಲೇ ನೀರಿಗೆ ಬೆರೆಸುವವರಿಗಾಗಿ. ಹೊಂಗೆ ಎಣ್ಣೆಗೂ ಇದೇ ಕ್ರಮ ಹೊಂದುತ್ತದೆ.

ಎಣ್ಣೆ ಮತ್ತು ನೀರಿನ ಗಡಿಯಲ್ಲಿ ನಡೆಯುವುದೇನು

ಇದನ್ನು ಹಾರಿಸಿ ಮುಂದೆ ಹೋಗುವ ಆಸೆ ಆಗಬಹುದು. ಆದರೆ ಇಷ್ಟು ತಿಳಿದಿದ್ದರೆ ಮುಂದಿನ ಎಚ್ಚರಿಕೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ನೀರಿನ ಅಣುಗಳು ಒಂದನ್ನೊಂದು ಬಲವಾಗಿ ಸೆಳೆಯುತ್ತವೆ. ಎಣ್ಣೆಯ ಅಣುವಿನೊಂದಿಗೆ ಅವಕ್ಕೆ ಅಂಥ ನಂಟಿಲ್ಲ. ಹಾಗಾಗಿ ಎಣ್ಣೆಗೆ ತಾಗಿಕೊಂಡಿರುವ ಗಡಿಯನ್ನು ನೀರು ಆದಷ್ಟು ಕಿರಿದಾಗಿಸಲು ನೋಡುತ್ತದೆ. ಕುಲುಕಿದಾಗ ಒಡೆದ ಹನಿಗಳು ಮತ್ತೆ ಕೂಡಿಕೊಂಡು ದೊಡ್ಡದಾಗುವುದು ಇದರಿಂದಲೇ. ಗಡಿಯನ್ನು ಹೀಗೆ ಕುಗ್ಗಿಸುವ ಬಲಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ಅದರ ಅಳತೆ ಮೀಟರಿಗೆ ಇಷ್ಟು ಮಿಲಿನ್ಯೂಟನ್ ಎಂದು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಮತ್ತು ಗಾಳಿಯ ನಡುವೆ ಅದು ಸುಮಾರು 72. ಸಸ್ಯಜನ್ಯ ಎಣ್ಣೆ ಮತ್ತು ನೀರಿನ ನಡುವೆ ಸಾಮಾನ್ಯವಾಗಿ 20ರಿಂದ 30ರ ಆಸುಪಾಸು.

ಸರ್ಫ್ಯಾಕ್ಟೆಂಟ್ ಎಂದರೆ ಈ ಎಳೆತವನ್ನು ಇಳಿಸುವ ವಸ್ತು. ಸೋಪು, ಪಾತ್ರೆ ತೊಳೆಯುವ ದ್ರವ, ಅಂಟುವಾಳದ ನೊರೆ ಎಲ್ಲವೂ ಇದೇ ಜಾತಿ. ಸೋಪಿನ ಅಣುವಿಗೆ ನೀರಿಗೆ ಒಗ್ಗುವ ತಲೆಯೊಂದು, ಎಣ್ಣೆಗೆ ಒಗ್ಗುವ ಉದ್ದನೆಯ ಬಾಲವೊಂದು. ಈ ಅಣುಗಳು ಗಡಿಗೆ ಬಂದು ಬಾಲವನ್ನು ಎಣ್ಣೆಯೊಳಗೆ ಚಾಚಿ, ತಲೆಯನ್ನು ನೀರಿನತ್ತ ಇಟ್ಟು ಸಾಲಾಗಿ ನಿಲ್ಲುತ್ತವೆ. ಆಗ ನೀರಿಗೆ ಎದುರಾಗುವುದು ಎಣ್ಣೆಯಲ್ಲ, ಸೋಪಿನ ತಲೆಗಳು. ಎಳೆತ ಕೆಲವೇ ಮಿಲಿನ್ಯೂಟನ್‌ಗೆ ಇಳಿಯುತ್ತದೆ, ಹನಿ ಸುಲಭವಾಗಿ ಒಡೆಯುತ್ತದೆ. ಸೋಪಿನ ತಲೆಗಳಿಗೆ ಋಣ ವಿದ್ಯುದಾವೇಶ ಇರುವುದರಿಂದ ಒಡೆದ ಹನಿಗಳು ಒಂದನ್ನೊಂದು ದೂರ ತಳ್ಳುತ್ತವೆ, ಬೇಗ ಕೂಡಿಕೊಳ್ಳುವುದಿಲ್ಲ. ಹೀಗೆ ನೀರಿನಲ್ಲಿ ಎಣ್ಣೆಯ ಸಣ್ಣ ಹನಿಗಳು ತೇಲಾಡುವ ಬಿಳಿ ದ್ರವಕ್ಕೆ ಎಮಲ್ಷನ್ ಎಂದು ಹೆಸರು. ಗಮನಿಸಿ, ಎಣ್ಣೆ ಕರಗಿಲ್ಲ. ಗಡಿ ಅಳಿಸಿಹೋಗಿಲ್ಲ, ಬದಲಿಗೆ ಅಪಾರವಾಗಿ ಹೆಚ್ಚಿದೆ.

ಎಷ್ಟು ಹೆಚ್ಚಿದೆ ಎಂದು ಲೆಕ್ಕ ಹಾಕಬಹುದು. 5 ಮಿ.ಲೀ. ಎಣ್ಣೆ ಒಂದೇ ಗುಂಡಾಗಿದ್ದರೆ ಅದರ ಮೇಲ್ಮೈ ಸುಮಾರು 14 ಚದರ ಸೆಂಟಿಮೀಟರ್. ಅದೇ ಎಣ್ಣೆಯನ್ನು 10 ಮೈಕ್ರಾನ್ ಅಗಲದ ಹನಿಗಳಾಗಿ ಒಡೆದರೆ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಒಟ್ಟು ಮೇಲ್ಮೈ 3 ಚದರ ಮೀಟರ್, ಅಂದರೆ 32 ಚದರ ಅಡಿ. ಇಷ್ಟು ವಿಸ್ತಾರಕ್ಕೆ ಒಂದು ಪದರ ಸೋಪಿನ ಅಣುಗಳನ್ನು ಹೊದಿಸಲು ಬೇಕಾಗುವ ಸೋಪು ಹತ್ತು ಮಿಲಿಗ್ರಾಮೂ ಇಲ್ಲ! ನೀರಿನಲ್ಲಿ ಬಿಡಿಯಾಗಿ ಉಳಿಯುವ ಅಣುಗಳ ಪಾಲು ಸೇರಿಸಿಕೊಂಡರೂ ಲೀಟರಿಗೆ ಒಂದೆರಡು ಗ್ರಾಂ ಧಾರಾಳವಾಯಿತು. ಅದಕ್ಕಿಂತ ಹೆಚ್ಚು ಹಾಕಿದರೆ ಉಳಿದ ಅಣುಗಳು ಬಾಲವನ್ನು ಒಳಕ್ಕೆ ಮಡಚಿ ತಮ್ಮತಮ್ಮಲ್ಲೇ ಗುಂಪು ಕಟ್ಟಿಕೊಳ್ಳುತ್ತವೆ. ಈ ಗುಂಪುಗಳಿಗೆ ಮೈಸೆಲ್ ಎನ್ನುತ್ತಾರೆ. ಮೈಸೆಲ್ ಕಟ್ಟಲು ಶುರುವಾದ ಮೇಲೆ ಎಷ್ಟು ಸೋಪು ಸುರಿದರೂ ಮೇಲ್ಮೈ ಎಳೆತ ಹೆಚ್ಚೇನೂ ಇಳಿಯುವುದಿಲ್ಲ.

ಈ ವಿದ್ಯೆ ಪ್ರಯೋಗಾಲಯದ ಸ್ವತ್ತಲ್ಲ ಎಂಬುದಕ್ಕೆ ಒಂದು ಮಾತು. ನೀರಿನ ಮೇಲ್ಮೈಯನ್ನು ಅಳೆಯುವ ತೊಟ್ಟಿಯನ್ನು ರೂಪಿಸಿದ ಜರ್ಮನಿಯ ಆಗ್ನೆಸ್ ಪೊಕೆಲ್ಸ್ ವಿಶ್ವವಿದ್ಯಾಲಯದಲ್ಲಿ ಕಲಿತವರಲ್ಲ, ಮನೆಗೆಲಸದ ನಡುವೆ ಪ್ರಯೋಗ ಮಾಡಿದವರು. ಅವರ ಫಲಿತಾಂಶಗಳು ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರೇಲಿಯವರ ನೆರವಿನಿಂದ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾದವು. ನಿಮ್ಮ ಕೆಲಸಕ್ಕೂ ಅಡುಗೆಮನೆಯ ಎರಡು ಗಾಜಿನ ಲೋಟ ಸಾಕು.

ಏನೇನು ಬೇಕು

ಒಂದು ಲೀಟರ್ ಸಿಂಪರಣೆಗೆ 5 ಮಿ.ಲೀ. ಬೇವಿನ ಎಣ್ಣೆ, 1ರಿಂದ 2 ಮಿ.ಲೀ. ದ್ರವ ಸೋಪು, ಬೆಚ್ಚಗಿನ ನೀರು, ಮುಚ್ಚಳ ಬಿಗಿಯಾಗಿರುವ ಸಣ್ಣ ಬಾಟಲಿ, ಔಷಧದ ಜೊತೆ ಬರುವಂಥ ಅಳತೆಯ ಮುಚ್ಚಳ, ತೆಳುವಾದ ಸೋಸುವ ಬಟ್ಟೆ, ಸ್ಪ್ರೇಯರ್. ಕೈಗವಸು ಮತ್ತು ಮುಖಗವಸು ಇರಲಿ. ಎಣ್ಣೆಯ ಬಾಟಲಿ ಮಕ್ಕಳ ಕೈಗೆ ಸಿಗಬಾರದು. ಬೇವಿನ ಎಣ್ಣೆ ಹೊಟ್ಟೆಗೆ ಹೋದರೆ ಎಳೆಯ ಮಕ್ಕಳಿಗೆ ಗಂಭೀರ ಅಪಾಯ.

ಅಂಗಡಿಯಿಂದ ತಂದ ಡಬ್ಬಿಯ ಮೇಲೆ ‘ಇ.ಸಿ.’ (ನೀರಿಗೆ ಹಾಕಿದರೆ ಎಮಲ್ಷನ್ ಆಗುವ ಸಾಂದ್ರ ದ್ರವ) ಎಂದು ಬರೆದಿದ್ದರೆ ಅದರಲ್ಲಿ ಸರ್ಫ್ಯಾಕ್ಟೆಂಟ್ ಆಗಲೇ ಸೇರಿದೆ, ನೀವು ಸೋಪು ಹಾಕಬೇಕಿಲ್ಲ. 1500 ಪಿಪಿಎಂ, 10000 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಎಂಬ ಅಂಕಿಗಳು ಅಜಾಡಿರಾಕ್ಟಿನ್ ಪ್ರಮಾಣವನ್ನು ಹೇಳುತ್ತವೆ. ಅಜಾಡಿರಾಕ್ಟಿನ್ ಎಂದರೆ ಬೇವಿನಲ್ಲಿರುವ, ಕೀಟಗಳ ಬೆಳವಣಿಗೆಗೆ ಅಡ್ಡಿ ಮಾಡುವ ಮುಖ್ಯ ವಸ್ತು. ಅಂಥ ಡಬ್ಬಿಗೆ ಇಲ್ಲಿನ 5 ಮಿ.ಲೀ. ಲೆಕ್ಕ ಹೊಂದುವುದಿಲ್ಲ, ಲೇಬಲ್ ಹೇಳಿದಷ್ಟೇ ಬಳಸಿ.

ಹಂತ 1: ಯಾವ ಸೋಪು ಎಂದು ನಿರ್ಧರಿಸಿ

ನನ್ನ ಮೊದಲ ಆಯ್ಕೆ ಪೊಟ್ಯಾಸಿಯಂ ಸೋಪು. ತೋಟಗಾರಿಕೆ ಸಾಮಗ್ರಿ ಮಾರುವ ಕಡೆ ದ್ರವ ರೂಪದಲ್ಲಿ ಸಿಗುತ್ತದೆ, ನೀರಿಗೆ ಬೇಗ ಬೆರೆಯುತ್ತದೆ. ಅದು ಸಿಗದಿದ್ದರೆ ಬಣ್ಣ, ಪರಿಮಳ ಕಡಿಮೆ ಇರುವ ಸ್ನಾನದ ಸೋಪನ್ನು ತುರಿದು, ಒಂದು ಲೀಟರಿಗೆ ಎರಡು ಗ್ರಾಂನಂತೆ ಬಿಸಿನೀರಿನಲ್ಲಿ ಪೂರ್ತಿ ಕರಗಿಸಿಕೊಳ್ಳಿ.

ಪಾತ್ರೆ ತೊಳೆಯುವ ದ್ರವ ನಿಜವಾದ ಅರ್ಥದಲ್ಲಿ ಸೋಪಲ್ಲ, ಕೃತಕ ಡಿಟರ್ಜೆಂಟ್. ಎಣ್ಣೆಯನ್ನು ಒಡೆಯುವುದರಲ್ಲಿ ಸೋಪಿಗಿಂತ ಒಂದು ಕೈ ಮೇಲೆ. ತೊಂದರೆ ಇರುವುದೂ ಅಲ್ಲೇ. ಎಲೆಯ ಮೇಲಿನ ಮೇಣದ ಪದರವೂ ಅದಕ್ಕೆ ಜಿಡ್ಡಿನಂತೆಯೇ ಕಾಣುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಲೀಟರಿಗೆ 1 ಮಿ.ಲೀ. ಮೀರದಂತೆ ಬಳಸಿ. ಬಟ್ಟೆ ಒಗೆಯುವ ಪುಡಿ ಮಾತ್ರ ಬೇಡವೇ ಬೇಡ. ಅದರಲ್ಲಿ ವಾಷಿಂಗ್ ಸೋಡಾ ಇರುತ್ತದೆ, ಕೆಲವದರಲ್ಲಿ ಬಿಳುಪುಕಾರಕವೂ ಇರುತ್ತದೆ. ಪಾತ್ರೆ ತಿಕ್ಕುವ ಬಿಲ್ಲೆಯೂ ಬೇಡ. ಅದರಲ್ಲಿರುವ ಖನಿಜದ ಪುಡಿ ಸ್ಪ್ರೇಯರಿನ ಮೂತಿಯನ್ನು ಕಟ್ಟಿಸುತ್ತದೆ.

ಅಂಟುವಾಳಕಾಯಿ ಒಳ್ಳೆಯ ಆಯ್ಕೆ. ಅದರ ಸಿಪ್ಪೆಯಲ್ಲಿ ಸಪೋನಿನ್ ಎಂಬ ಸಹಜ ಸರ್ಫ್ಯಾಕ್ಟೆಂಟ್ ಇದೆ. ಗಡಸು ನೀರಿನಲ್ಲಿ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುವ ನೀರಿನಲ್ಲಿ, ಸೋಪು ಒಡೆಯುವ ಹಾಗೆ ಅದು ಒಡೆಯುವುದಿಲ್ಲ. ಐದಾರು ಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ಅರ್ಧ ಲೋಟ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಚೆನ್ನಾಗಿ ಕಿವುಚಿ ಸೋಸಿದರೆ ಒಂದು ಲೀಟರಿಗೆ ಸಾಕಾಗುವಷ್ಟು ರಸ ಸಿಗುತ್ತದೆ. ಆ ದಿನವೇ ಬಳಸಬೇಕು, ಇಟ್ಟರೆ ಹುಳಿಯುತ್ತದೆ.

ಬೆರೆಸುವ ರಗಳೆಯೇ ಬೇಡ ಎನ್ನುವವರಿಗೆ ಇನ್ನೊಂದು ದಾರಿಯೂ ಇದೆ. ಬೆಂಗಳೂರು ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬೇವಿನ ಸಾಬೂನು ಮತ್ತು ಹೊಂಗೆ ಸಾಬೂನನ್ನು ರೂಪಿಸಿದೆ. ಅವನ್ನು ನೀರಿನಲ್ಲಿ ಕರಗಿಸಿ ನೇರವಾಗಿ ಸಿಂಪಡಿಸಬಹುದು.

ಹಂತ 2: ನೀರನ್ನು ಪರೀಕ್ಷಿಸಿ

ಒಂದು ಹಂತ ಬಿಡಲೇಬೇಕಾದರೆ ಬೇರೆ ಯಾವುದನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ಎರಡು ಸಣ್ಣ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ಮಳೆನೀರು ಅಥವಾ ಆರ್‌ಒ ಯಂತ್ರದ ಶುದ್ಧ ನೀರು, ಇನ್ನೊಂದಕ್ಕೆ ನೀವು ಗಿಡಕ್ಕೆ ಬಳಸುವ ನೀರು, ಎರಡೂ ಅರ್ಧ ಲೋಟದಷ್ಟು. ಎರಡಕ್ಕೂ ಒಂದೇ ಅಳತೆಯ ಚಿಟಿಕೆ ಸೋಪಿನ ತುರಿ ಹಾಕಿ, ಕರಗಿದ ಮೇಲೆ ಕುಲುಕಿ ಹತ್ತು ನಿಮಿಷ ಬಿಡಿ. ಮಳೆನೀರಿನ ಬಾಟಲಿಯಲ್ಲಿ ನೊರೆ ನಿಂತಿರುತ್ತದೆ, ಕೆಳಗಿನ ನೀರು ಹೆಚ್ಚು ಕದಡಿರುವುದಿಲ್ಲ. ಗಡಸು ನೀರಾದರೆ ನೊರೆ ಬೇಗ ಇಳಿದುಹೋಗಿ, ನೀರು ಬೂದಿಬಣ್ಣಕ್ಕೆ ತಿರುಗಿ, ಬಿಳಿಯ ಸಣ್ಣ ಚೂರುಗಳು ಬಾಟಲಿಯ ಗೋಡೆಗೆ ಅಂಟಿಕೊಂಡಿರುತ್ತವೆ. ಬೆರಳಲ್ಲಿ ಒರೆಸಿದರೆ ಜಿಗುಟಾಗಿರುತ್ತದೆ. ಸ್ನಾನದ ಬಕೆಟ್ಟಿನ ಅಂಚಿಗೆ ಕಟ್ಟುವ ಬಿಳಿ ಪಟ್ಟಿಯಲ್ಲಿ ಇರುವುದೂ ಇದೇ.

ಆ ಚೂರು ಏನು? ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನ ಅಣುವಿನ ತಲೆಯನ್ನು ಹಿಡಿದುಕೊಳ್ಳುತ್ತವೆ. ಒಂದು ಕ್ಯಾಲ್ಸಿಯಂ ಎರಡು ಸೋಪಿನ ಅಣುಗಳನ್ನು ಕಟ್ಟಿಹಾಕುತ್ತದೆ. ಹೀಗೆ ಹುಟ್ಟಿದ ಕ್ಯಾಲ್ಸಿಯಂ ಸೋಪು ನೀರಿನಲ್ಲಿ ಕರಗುವುದಿಲ್ಲ, ಗಡಿಯಲ್ಲಿ ನಿಂತು ಕೆಲಸ ಮಾಡುವುದೂ ಇಲ್ಲ. ಸಾಲದ್ದಕ್ಕೆ ತಿರುಗಿ ಬೀಳುತ್ತದೆ. ಸೋಪು ಯಾವುದರಲ್ಲಿ ಹೆಚ್ಚು ಕರಗುತ್ತದೋ ಆ ದ್ರವವೇ ಹೊರಗಿನ ಆವರಣವಾಗುತ್ತದೆ ಎಂಬುದು ಎಮಲ್ಷನ್‌ಗಳ ಒಂದು ನಿಯಮ. ಬ್ಯಾಂಕ್ರಾಫ್ಟ್ ನಿಯಮ ಎಂದು ಅದರ ಹೆಸರು. ಸೋಡಿಯಂ, ಪೊಟ್ಯಾಸಿಯಂ ಸೋಪುಗಳು ನೀರಿನೊಳಗೆ ಎಣ್ಣೆಯ ಹನಿಗಳನ್ನು ಹಿಡಿದಿಟ್ಟರೆ, ಕ್ಯಾಲ್ಸಿಯಂ ಸೋಪು ಎಣ್ಣೆಯೊಳಗೆ ನೀರಿನ ಹನಿಗಳನ್ನು ಹಿಡಿಯಲು ನೋಡುತ್ತದೆ. ನಿಮಗೆ ಬೇಕಿದ್ದುದಕ್ಕೆ ತದ್ವಿರುದ್ಧ.

ಇದು ಎಷ್ಟು ಸೋಪನ್ನು ನುಂಗುತ್ತದೆ ಎಂಬುದಕ್ಕೂ ಲೆಕ್ಕವಿದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಾಗ 600ರವರೆಗೆ ಒಪ್ಪಿಗೆ. ನಿಮ್ಮ ಕೊಳವೆ ಬಾವಿಯ ನೀರು ಇವೆರಡರ ನಡುವೆ 300ರಲ್ಲಿದೆ ಎಂದುಕೊಳ್ಳೋಣ. ಆ ನೀರು ಪ್ರತಿ ಲೀಟರಿಗೆ ಸುಮಾರು 1.8 ಗ್ರಾಂ ಸೋಪನ್ನು ಕ್ಯಾಲ್ಸಿಯಂ ಸೋಪಾಗಿಸಿ ಕೆಡಿಸಬಲ್ಲದು. ನೀವು ಹಾಕಿದ್ದೇ ಎರಡು ಗ್ರಾಂ! ಎಣ್ಣೆಯ ಪಾಲಿಗೆ ಉಳಿದದ್ದು ಎಷ್ಟು, ನೀವೇ ನೋಡಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕಡೆ ಆಳದ ಕೊಳವೆ ಬಾವಿಯ ನೀರು ಬಳಸುವವರಿಗೆ ಈ ಪರೀಕ್ಷೆಯನ್ನು ನಾನು ಒತ್ತಿ ಹೇಳುವುದು ಇದಕ್ಕೇ.

ನೀರು ಗಡಸಾಗಿದ್ದರೆ ಸಂಗ್ರಹಿಸಿಟ್ಟ ಮಳೆನೀರು ಬಳಸಿ. ಅದಿಲ್ಲದಿದ್ದರೆ ಸೋಪು ಬಿಟ್ಟು ಅಂಟುವಾಳಕ್ಕೆ ಬನ್ನಿ. ನೀರನ್ನು ಕುದಿಸಿ ಆರಿಸಿ, ತಳದ ಬಿಳಿ ಗಸಿ ಬಿಟ್ಟು ತಿಳಿಯನ್ನು ಬಸಿದುಕೊಳ್ಳುವುದೂ ಒಂದು ಉಪಾಯ. ಆದರೆ ಕುದಿಸಿದರೆ ಹೋಗುವುದು ಬೈಕಾರ್ಬೊನೇಟ್ ರೂಪದ ಗಡಸುತನ ಮಾತ್ರ. ಕುದಿಸಿದ ಮೇಲೂ ಸೋಪು ಒಡೆದರೆ ಆ ನೀರನ್ನು ಸೋಪಿಗೆ ಬಳಸಬೇಡಿ.

ಹಂತ 3: ಎಣ್ಣೆಯನ್ನು ಸಡಿಲಗೊಳಿಸಿ

ಚಳಿಗಾಲದಲ್ಲಿ ಬೇವಿನ ಎಣ್ಣೆ ಮಂದವಾಗಿ, ಕೆಲವೊಮ್ಮೆ ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಡಿ. ಒಲೆಯ ಮೇಲೆ ನೇರವಾಗಿ ಕಾಯಿಸಬೇಡಿ, ಶಾಖಕ್ಕೆ ಅಜಾಡಿರಾಕ್ಟಿನ್ ಕೆಡುತ್ತದೆ.

ಹಂತ 4: ಮೊದಲು ಎಣ್ಣೆ ಮತ್ತು ಸೋಪು, ನೀರು ಆಮೇಲೆ

ಸ್ಪ್ರೇಯರ್ ತುಂಬ ನೀರು ತುಂಬಿಸಿ, ಮೇಲೆ ಎಣ್ಣೆ ಸುರಿದು, ಕೊನೆಗೆ ಸೋಪು ಹಾಕಿ ಕುಲುಕುವುದು ಎಲ್ಲರೂ ಮಾಡುವ ಕ್ರಮ. ಅಷ್ಟೊಂದು ನೀರಿನಲ್ಲಿ ನಿಮ್ಮ ತೋಳಿನ ಬಲವೆಲ್ಲ ನೀರನ್ನು ತುಳುಕಿಸುವುದಕ್ಕೇ ಖರ್ಚಾಗುತ್ತದೆ, ಎಣ್ಣೆಯ ಹನಿಗೆ ತಗಲುವುದು ಅತ್ಯಲ್ಪ.

ಸಣ್ಣ ಬಾಟಲಿಗೆ 5 ಮಿ.ಲೀ. ಎಣ್ಣೆ, ಅದಕ್ಕೆ ದ್ರವ ಸೋಪು ಹಾಕಿ ಮುಚ್ಚಿ ಒಂದು ನಿಮಿಷ ಜೋರಾಗಿ ಕುಲುಕಿ. ಬೆಚ್ಚಗಿನ ನೀರನ್ನು ಒಂದೊಂದು ಚಮಚದಂತೆ ಸೇರಿಸುತ್ತ, ಪ್ರತಿ ಸಲವೂ ಕುಲುಕುತ್ತ ಹೋಗಿ. ಮೊದಲ ಒಂದೆರಡು ಚಮಚಕ್ಕೆ ಮಿಶ್ರಣ ತೆಳುವಾಗುವ ಬದಲು ಹಳದಿ ಬಣ್ಣದಲ್ಲೇ ಮಂದವಾಗಬಹುದು. ಕೆಟ್ಟಿತೆಂದು ಚೆಲ್ಲಬೇಡಿ. ಆಗ ಎಣ್ಣೆ ಹೊರಗೆ, ನೀರು ಒಳಗೆ ಇರುತ್ತದೆ. ಇನ್ನೂ ನೀರು ಬೀಳುತ್ತಿದ್ದಂತೆ ಒಂದು ಹಂತದಲ್ಲಿ ಅದು ಮಗುಚಿಕೊಳ್ಳುತ್ತದೆ. ಹಳದಿ ಕಳೆದು ಬೆಳ್ಳಗಾಗುತ್ತದೆ, ಮಂದವಾಗಿದ್ದದ್ದು ಸಲೀಸಾಗಿ ಹರಿಯತೊಡಗುತ್ತದೆ, ಬಾಟಲಿಯ ಒಳಗೋಡೆಯ ಮೇಲಿನ ಎಣ್ಣೆಯ ಗೆರೆಗಳು ಮಾಯವಾಗುತ್ತವೆ. ಈಗ ನೀರು ಹೊರಗೆ, ಎಣ್ಣೆ ಒಳಗೆ. ಇನ್ನು ಎಷ್ಟು ನೀರು ಬೇಕಾದರೂ ಸೇರಿಸಬಹುದು.

ಸೋಪಿನ ತುರಿ ಅಥವಾ ಅಂಟುವಾಳದ ರಸ ಬಳಸುವವರು ಆ ದ್ರಾವಣದ ಕಾಲು ಭಾಗವನ್ನು ಮೊದಲು ಎಣ್ಣೆಗೆ ಸೇರಿಸಿ ಕುಲುಕಿ, ಉಳಿದದ್ದನ್ನು ಸ್ವಲ್ಪಸ್ವಲ್ಪವಾಗಿ ಹಾಕಿ. ನೊರೆ ಹೆಚ್ಚು ಬಂದಷ್ಟೂ ಚೆನ್ನಾಗಿ ಬೆರೆತಿದೆ ಎಂಬ ನಂಬಿಕೆಯೊಂದಿದೆ. ನೊರೆ ಗಾಳಿ ಮತ್ತು ನೀರಿನ ಗಡಿಯ ವಿಷಯ, ಎಣ್ಣೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಹಂತ 5: ಲೋಟದ ಪರೀಕ್ಷೆ

ಒಂದು ಗಾಜಿನ ಲೋಟದಲ್ಲಿ, ಟ್ಯಾಂಕಿಗೆ ತುಂಬಿಸಲಿರುವ ಅದೇ ನೀರನ್ನು ತೆಗೆದುಕೊಂಡು ನಿಮ್ಮ ಬಿಳಿ ಮಿಶ್ರಣದ ಒಂದು ಹನಿ ಬಿಡಿ. ಹನಿ ಚದುರಿ, ಬಿಳಿಯಾಗಿ ನೀರಿನ ತುಂಬ ಹರಡಿದರೆ ಗೆದ್ದಿರಿ. ಹರಡದೆ ಗುಂಡಗೆ ಮೇಲೆ ತೇಲಿದರೆ ಮಿಶ್ರಣ ಇನ್ನೂ ಮಗುಚಿಲ್ಲ, ಹಂತ 4ಕ್ಕೆ ಮರಳಿ. ಮೊದಲು ಹರಡಿ, ಸ್ವಲ್ಪ ಹೊತ್ತಿನಲ್ಲಿ ಬಿಳಿ ಚೂರು ಕಟ್ಟಿ ಮೇಲೆ ಜಿಡ್ಡು ಕಾಣಿಸಿದರೆ ನೀರಿನ ಗಡಸುತನವೇ ಕಾರಣ. ಬಾಟಲಿಯಲ್ಲಿ ಚೆನ್ನಾಗಿದ್ದ ಮಿಶ್ರಣ ಟ್ಯಾಂಕಿಗೆ ಹೋದ ಮೇಲೆ ಒಡೆಯಿತು ಎನ್ನುವವರ ಕಥೆ ಬಹುಮಟ್ಟಿಗೆ ಇದೇ.

ಹಂತ 6: ತುಂಬಿಸಿ, ಸೋಸಿ, ತಡಮಾಡಬೇಡಿ

ಉಳಿದ ನೀರಿಗೆ ಬೆರೆಸಿ ಬಟ್ಟೆಯಲ್ಲಿ ಸೋಸಿ ಸ್ಪ್ರೇಯರಿಗೆ ತುಂಬಿಸಿ. ಒಳ್ಳೆಯ ಎಮಲ್ಷನ್ ಕೂಡ ನಿಧಾನವಾಗಿ ಮೇಲೇರುತ್ತದೆ, ಎಣ್ಣೆ ನೀರಿಗಿಂತ ಹಗುರ. ವೇಗ ಮಾತ್ರ ಹನಿಯ ಗಾತ್ರದ ವರ್ಗದಷ್ಟು ಬದಲಾಗುತ್ತದೆ. 10 ಮೈಕ್ರಾನ್ ಹನಿ ಗಂಟೆಗೆ ಒಂದೂವರೆ ಸೆಂಟಿಮೀಟರಿನಷ್ಟು ಏರಿದರೆ, ಅದರ ಹತ್ತು ಪಟ್ಟು ದಪ್ಪದ 100 ಮೈಕ್ರಾನ್ ಹನಿ ನೂರು ಪಟ್ಟು ವೇಗದಲ್ಲಿ ಏರುತ್ತದೆ. ಒಂದು ಗೇಣು ಎತ್ತರದ ಬಾಟಲಿಯಲ್ಲಿ ಏಳೆಂಟು ನಿಮಿಷಕ್ಕೆ ಎಣ್ಣೆ ಮೇಲಿರುತ್ತದೆ. ‘ಹತ್ತು ನಿಮಿಷಕ್ಕೆ ಬೇರೆಯಾಯಿತು’ ಎಂಬ ದೂರಿಗೆ ಈ ದಪ್ಪ ಹನಿಗಳೇ ಉತ್ತರ. ಸಿಂಪಡಿಸುವಾಗ ಆಗಾಗ ಸ್ಪ್ರೇಯರನ್ನು ಅಲುಗಾಡಿಸುತ್ತಿರಿ. ಇಲ್ಲದಿದ್ದರೆ ಮೊದಲ ಗಿಡಗಳಿಗೆ ಬರೀ ನೀರು, ಕೊನೆಯ ಗಿಡಕ್ಕೆ ಎಣ್ಣೆಯ ಅಭಿಷೇಕ.

ಉಳಿದದ್ದನ್ನು ನಾಳೆಗೆ ಎತ್ತಿಡಬೇಡಿ. ಸೋಪಿನ ನೀರು ಕ್ಷಾರೀಯ, ಅಜಾಡಿರಾಕ್ಟಿನ್ ಕ್ಷಾರದಲ್ಲಿ ನಿಲ್ಲುವುದಿಲ್ಲ. ಎಮಲ್ಷನ್ ನೋಡಲು ಬೆಳ್ಳಗೇ ಇದ್ದರೂ ಗುಣ ಇಳಿದಿರುತ್ತದೆ.

ಹಂತ 7: ಸಿಂಪಡಿಸುವುದು

ಮೊದಲು ನಾಲ್ಕೈದು ಎಲೆಗೆ ಸಿಂಪಡಿಸಿ ಎರಡು ದಿನ ಕಾಯಿರಿ. ಅಂಚು ಕಂದಾಗದಿದ್ದರೆ ಇಡೀ ಗಿಡಕ್ಕೆ ಹೋಗಿ. ಸಂಜೆ ಬಿಸಿಲು ಇಳಿದ ಮೇಲೆ ಮಾಡಿದರೆ ಎಲೆ ಸುಡುವುದಿಲ್ಲ, ಜೇನುನೊಣಗಳಿಗೂ ತೊಂದರೆ ಕಡಿಮೆ. ಬಾಡಿದ ಗಿಡಕ್ಕೆ ಹಿಂದಿನ ದಿನ ನೀರುಣಿಸಿ. ಗಂಧಕ ಸಿಂಪಡಿಸಿದ್ದರೆ ಎರಡು ವಾರವಾದರೂ ಎಣ್ಣೆ ಬೇಡ, ಎರಡೂ ಸೇರಿದರೆ ಎಲೆ ಸುಡುತ್ತದೆ.

ಸರ್ಫ್ಯಾಕ್ಟೆಂಟ್ ಇಲ್ಲಿ ಇನ್ನೊಂದು ಗಡಿಯಲ್ಲೂ ದುಡಿಯುತ್ತದೆ. ಈರುಳ್ಳಿ, ಎಲೆಕೋಸಿನ ಮೇಣದ ಎಲೆಯ ಮೇಲೆ ಬರೀ ನೀರು ಗುಂಡಗಾಗಿ ಉರುಳಿ ಬೀಳುತ್ತದೆ. ಸೋಪು ಬೆರೆತ ಹನಿ ಚಪ್ಪಟೆಯಾಗಿ ಹರಡುತ್ತದೆ. ಎಲೆ ತೆಳುವಾಗಿ ಒದ್ದೆಯಾದ ಕೂಡಲೇ ನಿಲ್ಲಿಸಿ. ತೊಟ್ಟಿಕ್ಕುವವರೆಗೆ ಹೊಡೆದರೆ ಔಷಧ ಮಣ್ಣಿನ ಪಾಲು. ಹೇನು, ಬಿಳಿ ನೊಣಗಳು ಎಲೆಯ ಅಡಿಯಲ್ಲಿರುವುದರಿಂದ ಮೂತಿಯನ್ನು ಕೆಳಗಿನಿಂದ ಮೇಲಕ್ಕೆ ಹಿಡಿಯಿರಿ. ದಾಸವಾಳದ ಕುಡಿಗೆ ಹತ್ತುವ ಹಿಟ್ಟು ತಿಗಣೆಯ ಮೈಮೇಲಿನ ಬಿಳಿ ಪುಡಿಯೂ ಮೇಣವೇ. ನೀರು ಅದರೊಳಗೆ ಇಳಿಯುವುದಿಲ್ಲ. ಅಲ್ಲಿ ಮೊದಲು ನೀರಿನ ರಭಸಕ್ಕೆ ಒಂದಷ್ಟು ಉದುರಿಸಿ, ಗಿಡ ಆರಿದ ಮೇಲೆ ಸಿಂಪಡಿಸಿದರೆ ಪರಿಣಾಮ ಹೆಚ್ಚು. ಏಳರಿಂದ ಹತ್ತು ದಿನ ಬಿಟ್ಟು ಮತ್ತೊಮ್ಮೆ ಮಾಡಿ.

ಹಂತ 8: ತೊಳೆದಿಡುವುದು

ಸ್ಪ್ರೇಯರಿಗೆ ಬೆಚ್ಚಗಿನ ಸೋಪಿನ ನೀರು ಹಾಕಿ ಎರಡು ಸಲ ಹಾಯಿಸಿ, ಆಮೇಲೆ ಬರೀ ನೀರು ಹಾಯಿಸಿ. ತೊಳೆಯದೆ ಬಿಟ್ಟರೆ ಮೂತಿಯೊಳಗೆ ಎಣ್ಣೆ ಅಂಟಾಗಿ ಗಟ್ಟಿಯಾಗುತ್ತದೆ, ಆಮೇಲೆ ಸೂಜಿ ಹಾಕಿ ಚುಚ್ಚಬೇಕಾಗುತ್ತದೆ. ತೊಳೆದ ನೀರನ್ನು ಮೀನಿನ ತೊಟ್ಟಿಗೋ ಕೆರೆಗೆ ಹರಿಯುವ ಕಾಲುವೆಗೋ ಚೆಲ್ಲಬೇಡಿ, ಗಿಡಗಳಿಂದ ದೂರದ ಖಾಲಿ ಮಣ್ಣಿಗೆ ಸುರಿಯಿರಿ. ಸೋಪಿಗಿಂತ ಅಂಟುವಾಳದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅದರ ಸಪೋನಿನ್ ಮೀನಿನ ಕಿವಿರುಗಳನ್ನು ಕೆಡಿಸಿ ಕೊಲ್ಲಬಲ್ಲದು.